ಮುನಿಸಿನ ಭಾಷೆ

ಹೇಳಿಯಂತೂ ಆಗಿದೆ, ಎಂದುಕೊಂಡ ಮೈಲಾರಲಿಂಗ. ಖಾನಾಪುರದ ಬಸ್ಸು ಉದ್ಯಮಬಾಗ ದಾಟುವುದರೊಳಗೆ ಹೀಗೆ ಅಂದುಕೊಂಡದ್ದು ಎಷ್ಟನೆಯ ಸಲವೋ. ಹೇಳದೆ ಕರೆದುಕೊಂಡು ಹೋಗಿದ್ದರೆ ಮೋಸವಾಗುತ್ತಿತ್ತು. ಅವನು ಹೇಳಿದ್ದಾನೆ. ಬೆಳಿಗ್ಗೆ ಬೆಳಗಾವಿಯ ಸದಾಶಿವನಗರದ ಮನೆಯಲ್ಲಿ ಹೆಂಡತಿ ಪೂರ್ವಾ ಕನ್ನಡಿಯ ಮುಂದೆ ನಿಂತು ಎಡಗೈಯಿಂದ ತಲೆ ಬಾಚಿಕೊಳ್ಳುತ್ತಿದ್ದಾಗ, ಅವಳ ಬೆನ್ನ ಹಿಂದೆ ನಿಂತು, ಅಂಗಿಯ ಗುಂಡಿ ಹಾಕಿಕೊಳ್ಳುತ್ತ, ಒಂದೇ ಉಸಿರಿಗೆ ಹೇಳಿ ಮುಗಿಸಿದ್ದ. "ನಿಮ್ಮ ತಾಯಿ ಮನ್ಯಾಗ ಒಂದಷ್ಟು ದಿನ ಇರು ಪೂರ್ವಾ, ಇಲ್ಲಿ ನನ್ನ ಕೈಲೆ ಆಗವಲ್ದು, ಸೃಷ್ಟಿನ್ನ ಅವ್ವ ನೋಡ್ಕೋತಾಳ, ಸಾಲಿಗೂ ಆಕೀನ ಕಳಸ್ತಾಳ, ನಿನಗೂ ಅಲ್ಲಿ ಮಾತಾಡಾಕ ಮಂದಿ ಅದಾರ, ಆತಿಲ್ಲೋ?" ಕನ್ನಡಿಯೊಳಗಿನ ಮುಖ "ಹೂಂ" ಅಂದಿತ್ತು. ಅಷ್ಟು ಉದ್ದದ, ಅಷ್ಟು ಬಿರುಸಿನ ಕನ್ನಡ ಈಗ ಅವಳ ತಲೆಗೆ ಇಳಿಯುವುದಿಲ್ಲ ಎನ್ನುವುದು ಅವನಿಗೆ ಗೊತ್ತಿತ್ತು. ಇಳಿಯದ ಎಲ್ಲ ಮಾತಿಗೂ ಅವಳು ಹೂಂ ಅನ್ನುತ್ತಾಳೆ ಎನ್ನುವುದೂ ಗೊತ್ತಿತ್ತು. ಮೊಸರು ಬೇಕೇನು ಅಂದರೂ ಹೂಂ, ಮೊಸರು ತೀರಿತು ಅಂದರೂ ಹೂಂ. ಅಡುಗೆಮನೆಯಲ್ಲಿ ರೊಟ್ಟಿ ಬಡಿಯುತ್ತಿದ್ದ ಅವನ ತಾಯಿ ಭೀಮಕ್ಕ, ಸೊಸೆಯ ಕಾಯಿಲೆಯ ಸಲುವಾಗಿಯೇ ಬೀಡಿ ಎಂಬ ಹಳ್ಳಿಯಿಂದ ಬಂದು ಮನೆಯ ಹೊಣೆ ಹೊತ್ತವಳು, ಬಡಿಯುವ ಕೈ ನಿಲ್ಲಿಸಿ ಕೇಳಿದಳು.

"ಆಕಿಗಿ ತಿಳಿಯೂ ಹಂಗ ಹೇಳಿದ್ಯೋ ಇಲ್ಲೋ?"

"ಹೇಳೀನಲ್ಲಬೇ. ಹೂಂ ಅಂದಾಳ."

"ಕುರಿಗಿ ಸೈತ ದಾರಿ ತೋರ್ಸೂಮುಂದ ಎದುರಿಗಿ ನಿಂತು ತೋರಸ್ತಾರೋ ಮೈಲಾರಿ. ನಿಮ್ಮಪ್ಪ ಬೆನ್ನಿಗಿ ಹೇಳಿದ್ದು ನಾ ನೋಡಿಲ್ಲ."

ಆಮೇಲೆ ಮತ್ತೆ ರೊಟ್ಟಿಯ ಸದ್ದು, ಮೊದಲಿಗಿಂತ ಜೋರಾಗಿ. ಮಗಳು ಸೃಷ್ಟಿ ಒಂದೇ ಕಾಲಿಗೆ ಸಾಕ್ಸು ಏರಿಸಿಕೊಂಡು ಬಾಗಿಲ ಸಂದಿಯಲ್ಲಿ ನಿಂತಿದ್ದಳು. ತಾಯಿಗೆ ಟಾಟಾ ಮಾಡಿದಳು, ಸ್ವಲ್ಪ ದೂರದಿಂದಲೇ. ಆ ದೂರವನ್ನು ಪೂರ್ವಾ ನೋಡಿದಳೇ ಇಲ್ಲವೇ ಎಂದು ಮೈಲಾರಲಿಂಗ ನೋಡಲಿಲ್ಲ. ಚಪ್ಪಲಿಯ ಪಟ್ಟಿ ಬಿಗಿಯುವ ನೆಪದಲ್ಲಿ ಬಗ್ಗಿದ್ದ.

ಈಗ ಅವಳು ಕಿಟಕಿಯ ಬದಿಗೆ ಕೂತಿದ್ದಾಳೆ. ಪೀರನವಾಡಿಯ ಅಂಗಡಿಗಳ ಬೋರ್ಡುಗಳನ್ನು ಒಂದೊಂದಾಗಿ ನೋಡುತ್ತಿದ್ದಾಳೆ. ಓದುತ್ತಾಳೆಯೋ ಬರೀ ನೋಡುತ್ತಾಳೆಯೋ. ಮುಂದಿನ ಸೀಟಿನ ಮುದುಕಿ ಹಿಂದಕ್ಕೆ ತಿರುಗಿ, ಪೇರಲಹಣ್ಣು ಹೋಳು ಮಾಡಿ ಒಂದು ಹೋಳು ಚಾಚಿ, "ಯಾವೂರವ್ವಾ ತಂಗಿ?" ಎಂದಳು. ಪೂರ್ವಾ ಹಣ್ಣು ತೆಗೆದುಕೊಂಡು ನಕ್ಕು "ಹೂಂ" ಅಂದಳು. "ಊರು ಕೇಳಿದ್ನಿ" ಎಂದಳು ಮುದುಕಿ. ಮೈಲಾರಲಿಂಗ ನಡುವೆ ಬಂದ. "ಆಕಿಗಿ ಆರಾಮಿಲ್ರಿ ಆಯಿ. ಡೆಂಗೀ ಆಗಿತ್ತು." ಮುದುಕಿ ಪೂರ್ವಾಳ ಬಾಯಿಯನ್ನೇ ನೋಡಿದಳು. "ಡೆಂಗೀಗಿ ಬಾಯಿ ಹೋಗತೈತೇನೋ ತಮ್ಮಾ? ನಮ್ಮ ಓಣ್ಯಾಗ ಮನಿ ಬಿಡದಂಗ ಎಲ್ಲಾರಿಗೂ ಆಗಿತ್ತು. ಎಲ್ಲಾರೂ ಮೊದಲಕಿಂತ ಹೆಚ್ಚ ಮಾತಾಡಾಕ ಹತ್ಯಾರ." ಅಕ್ಕಪಕ್ಕದವರು ನಕ್ಕರು. ಎಲ್ಲರೂ ನಗುತ್ತಿದ್ದಾರೆಂದು ಪೂರ್ವಾಳೂ ನಕ್ಕಳು, ಎಲ್ಲರಿಗಿಂತ ಒಂದು ಕ್ಷಣ ತಡವಾಗಿ, ಎಲ್ಲರಿಗಿಂತ ಒಂದು ಕ್ಷಣ ಹೆಚ್ಚಾಗಿ. ಅವನಿಗೆ ಕಿವಿ ಬಿಸಿಯಾಯಿತು. ಹೆಂಡತಿಯನ್ನು ಕಂಡು ನಾಚಿಕೆಯಾಯಿತು, ನಾಚಿಕೆಯಾದದ್ದಕ್ಕೆ ಸಿಟ್ಟು ಬಂತು, ಆ ಸಿಟ್ಟು ಹೋಗಿ ಎಲ್ಲಿ ಕೂರಬೇಕೆಂದು ತಿಳಿಯದೆ ಪೇರಲಹಣ್ಣಿನ ಮೇಲೆ ಕೂತಿತು. ತೊಳೆಯದ ಹಣ್ಣು, ತಿನ್ನಬೇಡ ಅಂದ. ಹೂಂ ಅಂದು ತಿಂದಳು.

ಡೆಂಗೀ ಎಲ್ಲರಿಗೂ ಆಗಿತ್ತು ಎನ್ನುವುದು ನಿಜವೇ. ಮಳೆ ಹಿಂದೆ ಸರಿಯುವ ಹೊತ್ತಿಗೆ ಅವರ ಓಣಿಯಲ್ಲೂ ಮನೆಮನೆಗೆ ಜ್ವರ. ಎದುರಿಗೆ ಅರ್ಧ ಕಟ್ಟಿ ಬಿಟ್ಟ ಕಟ್ಟಡದ ತಳದಲ್ಲಿ ನೀರು ನಿಂತು ಹಸಿರಾಗಿತ್ತು. ಪೂರ್ವಾ ಮಲಗಿದಾಗ ಯಾರೂ ಗಾಬರಿಯಾಗಲಿಲ್ಲ. ಪ್ಲೇಟ್ಲೆಟ್ ಎಷ್ಟು, ಇಂದೆಷ್ಟು, ನಿನ್ನೆಯದಕ್ಕಿಂತ ಹೆಚ್ಚೋ ಕಡಿಮೆಯೋ, ಮನೆಯಲ್ಲಿ ಮಾತೆಂದರೆ ಅದೊಂದೇ. ಪಪ್ಪಾಯಿ ಎಲೆಯ ರಸ ತಂದುಕೊಟ್ಟವರು ಕೊಟ್ಟರು. ಜ್ವರ ಇಳಿಯಿತು, ಲೆಕ್ಕ ಏರಿತು, ಪಾರಾದೆವು ಎಂದು ಮನೆ ಉಸಿರು ಬಿಟ್ಟಿತು. ಆಗಲೇ ಜಗಳವಾದದ್ದು. ಖಾನಾಪುರದಲ್ಲಿ ಅವಳ ತಮ್ಮ ಅಭಿಜಿತ ಹೊಸ ಅಂಗಡಿಯ ಪೂಜೆ ಇಟ್ಟುಕೊಂಡಿದ್ದ. ಜ್ವರ ಬಿಟ್ಟಿದೆ, ಹೋಗಿ ಬರುತ್ತೇನೆ ಎಂದು ಅವಳು. ಎದ್ದು ನಿಲ್ಲಲಾರದವಳಿಗೆ ಎಂಥ ಪೂಜೆ ಎಂದು ಇವನು. ನಿಮ್ಮವರ ಮನೆಯ ಕಾರ್ಯಕ್ರಮವಾಗಿದ್ದರೆ ಹೊತ್ತುಕೊಂಡು ಹೋಗುತ್ತಿದ್ದೆ ಎಂದಳು. ಅಲ್ಲಿಂದ ಮುಂದಕ್ಕೆ ಮರಾಠಿ. ಅದು ಅವರ ಮನೆಯ ರೂಢಿ. ಖಾನಾಪುರದ ಮರಾಠಿ ಮನೆಯ ಹುಡುಗಿ ಬೀಡಿಯ ಕುರಿ ಸಾಕುವವರ ಮಗನನ್ನು ಮೆಚ್ಚಿ ಮದುವೆಯಾಗಿ, ಅತ್ತೆಯ ಕನ್ನಡವನ್ನು ಅತ್ತೆಗಿಂತ ಚೆನ್ನಾಗಿ ಆಡುತ್ತಿದ್ದಳು. ಆದರೆ ಮುನಿಸಿಗೆ ಮಾತ್ರ ತವರಿನ ಭಾಷೆ ಇಟ್ಟುಕೊಂಡಿದ್ದಳು. ಸಿಟ್ಟು ಬಂದಾಗ ಎರಡು ದಿನವಾಗಲಿ ನಾಲ್ಕು ದಿನವಾಗಲಿ ಮರಾಠಿಯೇ. ಅವನು ಅದಕ್ಕೆ ಉತ್ತರ ಕೊಡುತ್ತಿರಲಿಲ್ಲ. ಕನ್ನಡಕ್ಕೆ ಬಂದರೆ ರಾಜಿ ಆಯಿತೆಂದು ಅರ್ಥ. "ಮಮ್ಮಿದು ಮರಾಠಿ ಚಾಲೂ ಆತು" ಎಂದು ಸೃಷ್ಟಿ ಚೆಂಡು ತೆಗೆದುಕೊಂಡು ಹೊರಗೆ ಓಡುತ್ತಿದ್ದಳು. ಮದುವೆಯ ಹೊಸದರಲ್ಲಿ ಅವನಿಗೆ ಆ ಮುನಿಸು ಇಷ್ಟವೂ ಆಗಿತ್ತು. ಜಗಳಕ್ಕೆ ಬೇರೆ ಸೀರೆ ಉಟ್ಟು ಬರುತ್ತೀಯಲ್ಲ ಎಂದು ರೇಗಿಸುತ್ತಿದ್ದ.

ಹಾಗಾಗಿ ಅವಳು ಮಾರನೆಯ ದಿನವೂ ಮರಾಠಿಯಲ್ಲೇ ಏನೋ ಕೇಳಿದಾಗ ಅವನು ಪೇಪರಿನಿಂದ ತಲೆ ಎತ್ತಲಿಲ್ಲ. ಫ್ಯಾನು ತೋರಿಸಿ ಮರಾಠಿಯಲ್ಲಿ ಗಿಡ ಎಂದಳು. ಗಿಡ ನಿಲ್ಲಿಸಿರಿ, ಚಳಿ. ಚುಚ್ಚಿ ಮಾತಾಡುತ್ತಿದ್ದಾಳೆ ಅಂದುಕೊಂಡ. ಏನು ಚುಚ್ಚು, ಎಲ್ಲಿಗೆ ಚುಚ್ಚು ಎಂದು ಯೋಚಿಸಿ, ಬೀಡಿಯ ಹೊಲದ ಬದುವಿನಲ್ಲಿದ್ದ ಗಿಡ ಕಡಿಸಿದ ಹಳೆಯ ಜಗಳ ನೆನೆದು, ಇದು ಅದೇ ಎಂದು ತನಗೆ ತಾನೇ ಅರ್ಥ ಮಾಡಿಕೊಂಡ. ಅವಳು ಅವನ ತೋಳು ಹಿಡಿದು ಅದೇ ಮಾತನ್ನು ಮತ್ತೆ ಮತ್ತೆ ಹೇಳಿದಳು. ತೋಳು ಬಿಡಿಸಿಕೊಂಡು ಆಫೀಸಿಗೆ ಹೋದ. ಸಂಜೆ ಬಂದಾಗಲೂ ಮರಾಠಿ. ಈ ಸಲ ಮುನಿಸು ಲಂಬಿಸಿತು ಎಂದುಕೊಂಡು ಅವನೂ ತನ್ನ ಮೌನವನ್ನು ಲಂಬಿಸಿದ. ಬೇರೆ ಊರಿನಲ್ಲಾಗಿದ್ದರೆ, ಒಂದೇ ಭಾಷೆಯ ಮನೆಯಲ್ಲಾಗಿದ್ದರೆ, ಹೆಂಡತಿಯ ಮಾತು ಕೆಟ್ಟಿತು ಎಂದು ಮೊದಲ ಗಳಿಗೆಗೇ ತಿಳಿಯುತ್ತಿತ್ತೇನೋ. ಇಲ್ಲಿ ಹಾಲಿನವನು ಒಂದರಲ್ಲಿ, ತರಕಾರಿಯವನು ಇನ್ನೊಂದರಲ್ಲಿ, ಒಂದೇ ವಾಕ್ಯದ ತಲೆ ಅಲ್ಲಿ ಬಾಲ ಇಲ್ಲಿ. ಇಷ್ಟು ಕಲಸಿದ್ದರೊಳಗೆ ರೋಗ ಬಂದು ಕೂತರೆ ಯಾರಿಗೆ ಕಾಣಬೇಕು. ಆ ಸಂಜೆಯೇ ಅಡುಗೆಮನೆಯಲ್ಲಿ ಪಾತ್ರೆ ಬಿದ್ದ ಸದ್ದಿಗೆ ಎದ್ದು ಹೋದಾಗ ಅವಳು ನೆಲದ ಮೇಲೆ ಬಿಲ್ಲಿನಂತೆ ಸೆಟೆದು ನಡುಗುತ್ತಿದ್ದಳು. ಕಣ್ಣು ತೆರೆದಿತ್ತು, ಅವನನ್ನು ನೋಡುತ್ತಿರಲಿಲ್ಲ.

ಆಸ್ಪತ್ರೆಯ ನರರೋಗದ ಡಾಕ್ಟರು ಎಳೆಯ ವಯಸ್ಸಿನವರು, ತಮ್ಮೂರ ಕಡೆಯ ಕನ್ನಡವನ್ನೇ ಆಡುವವರು. "ಭಾಳ ಕಡಿಮಿ ಮಂದಿಗೆ ಹಿಂಗಾಗತದ. ಜ್ವರ ಬಿಟ್ಟಿತು ಅಂತ ನಾವು ಅನ್ಕೋತೀವಿ, ಒಳಗ ಮಿದುಳಿಗೆ ಬಾವು ಬಂದಿರತದ. ಮಾತಿನ ಜಾಗಾಕ್ಕ ಪೆಟ್ಟು ಬಿದ್ದದ, ಬಲಗೈಗೂ ಬಲ ಕಡಿಮಿ ಆಗ್ಯದ. ಆಮ್ಯಾಲ ಕಲ್ತ ಭಾಷಾ ಹಿಂದ ಸರದದ, ಹುಟ್ಟಿನಿಂದ ಬಂದದ್ದು ಅಷ್ಟಿಷ್ಟು ಉಳದದ. ಯಾವುದು ಉಳದದೋ ಅದರಾಗ ಮಾತಾಡಸ್ರಿ. ಇನ್ನೊಂದು ಅದರ ಬೆನ್ನು ಹತ್ತಿ ಮೆಲ್ಲಕ ಬರತದ." ಆಮೇಲೆ ಪೆನ್ನು ಹಿಡಿದು ಕೇಳಿದ್ದರು, "ಮಾತು ಯಾವಾಗಿಂದ ಹಿಂಗಾತು?" ಮೈಲಾರಲಿಂಗ ಅವರ ಮೇಜಿನ ಮೇಲಿದ್ದ ಪ್ಲಾಸ್ಟಿಕ್ಕಿನ ಮಿದುಳನ್ನು ನೋಡುತ್ತ "ನಿನ್ನೆ ಸಂಜೀಕ" ಅಂದಿದ್ದ. ಅಂದು ಬಿಟ್ಟ ಮೇಲೆ ಅದೇ ಖರೇ ಆಯಿತು. ಭೀಮಕ್ಕನಿಗೂ ಅದೇ, ಅತ್ತೆ ಮಾವನಿಗೂ ಅದೇ, ಆಫೀಸಿನಲ್ಲೂ ಅದೇ. ನಿನ್ನೆ ಸಂಜೆಯವರೆಗೆ ಸರಿಯಾಗಿದ್ದಳು ಎಂದು ಎಷ್ಟೋ ಜನಕ್ಕೆ ಹೇಳಿದ. ಅದಕ್ಕೂ ಮುಂಚೆ ಅವಳು ತೋಳು ಹಿಡಿದದ್ದನ್ನು ಬಲ್ಲವಳು ಅವಳೊಬ್ಬಳೇ. ಅವಳಿಗೆ ಹೇಳಲು ಬಾಯಿ ಇಲ್ಲ.

ಆ ಬಾಯಿ ಈಗ ಮೆಲ್ಲಗೆ ಮರಳಿ ಬರುತ್ತಿದೆ ಎನ್ನುವುದೇ ಅವನ ಒಳಗಿನ ಚಡಪಡಿಕೆಯೋ ಏನೋ. ಮಚ್ಛೆ ದಾಟಿ ಬಸ್ಸು ವೇಗ ಹಿಡಿದಾಗ ಈ ವಿಚಾರ ಬಂದು ಅವನು ಸೀಟಿನಲ್ಲಿ ಹೊರಳಿದ. ಅದಲ್ಲ. ಕಾರಣಗಳು ಬೇರೆ ಇವೆ. ಗ್ಯಾಸು ಹಾಗೇ ಬಿಟ್ಟಿದ್ದಳು, ಅದು ಕಾರಣ. ಸೃಷ್ಟಿಯ ಹೆಸರು ನೆನಪಾಗದೆ ತನ್ನ ತಾಯಿಯ ಹೆಸರು ಹಿಡಿದು ಕರೆದು, ಹುಡುಗಿ ಓಗೊಡದಿದ್ದಾಗ ಅದರ ಕೆನ್ನೆಗೆ ಬಾರಿಸಿದ್ದಳು, ಆಮೇಲೆ ಅದೇ ಕೈಯನ್ನು ಗೋಡೆಗೆ ಬಡಿದುಕೊಂಡಿದ್ದಳು. ಅಂದಿನಿಂದ ಸೃಷ್ಟಿ ಅಜ್ಜಿಯ ಸೆರಗು ಬಿಡುವುದಿಲ್ಲ. ಮತ್ತೆ ಆಫೀಸು. ಒಂದು ಮಧ್ಯಾಹ್ನ ಪೂರ್ವಾ ಆಫೀಸಿನ ಫೋನಿಗೆ ಮಾಡಿದ್ದಳು. ಫೋನು ಎತ್ತಿದ ಸಹೋದ್ಯೋಗಿ ಗಜಾನನ ಎಲ್ಲರಿಗೂ ಕೇಳುವಂತೆ ಇಟ್ಟು, "ಲಿಂಗೂ, ನಿಮ್ಮ ಮನ್ಯಾಗ ಸರಕಾರ ಬದಲಾಗೇತಲ್ಲೋ, ಎಲ್ಲಾ ಮರಾಠಿ ಕಾರಭಾರ" ಎಂದು ನಕ್ಕಿದ್ದ. ಸ್ಪೀಕರಿನಲ್ಲಿ ಅವಳು ಅತ್ತ ಕಡೆಯಿಂದ ಒಂದೇ ಶಬ್ದವನ್ನು ಹುಡುಕುತ್ತಿದ್ದಳು, ಅದರ ಅರ್ಧ ಸಿಕ್ಕು ಅರ್ಧ ಜಾರುತ್ತಿತ್ತು. ಅವನು ಹೋಗಿ ಫೋನು ಕುಕ್ಕಿದ. ಅವಳು ಏನು ಹೇಳಲು ಮಾಡಿದ್ದಳೆಂದು ಮನೆಗೆ ಹೋದಮೇಲೂ ಕೇಳಲಿಲ್ಲ. ಯಾವ ಭಾಷೆಯಲ್ಲಿ ಕೇಳಬೇಕಿತ್ತು? ಡಾಕ್ಟರು ಸರಳವಾಗಿ ಹೇಳಿಬಿಟ್ಟರು. ಅವನ ಮರಾಠಿ ಸಂತೆಯ ಮರಾಠಿ. ಹುಡುಗನಾಗಿದ್ದಾಗ ಅಪ್ಪ ಯಲ್ಲೇಶನ ಹಿಂದೆ ಖಾನಾಪುರದ ಸಂತೆಗೆ ಟಗರು ಹೊಡೆದುಕೊಂಡು ಹೋಗಿ ಕಲಿತದ್ದು. ಟಗರಿನ ಹಲ್ಲು ಎಣಿಸುವುದು, ಸೊಂಟ ಹಿಚುಕುವುದು, ಇಷ್ಟಕ್ಕೆ ಕೊಡು, ಅಷ್ಟಕ್ಕೆ ಆಗದು, ಮುಂದೆ ನಡೆ. ಅಪ್ಪ ಮುಂಡಾಸು ಬಿಚ್ಚಿ ಕಂಕುಳಲ್ಲಿ ಇಟ್ಟುಕೊಂಡು ವ್ಯಾಪಾರಿಗಳ ಮುಂದೆ ಆಡುತ್ತಿದ್ದ ಆ ಭಾಷೆಯಲ್ಲಿ ಹೆಂಡತಿಯ ಹಣೆ ಮುಟ್ಟಿ ಏನನಿಸುತ್ತಿದೆ ಎಂದು ಕೇಳುವ ಮಾತು ಅವನ ಬಳಿ ಇರಲಿಲ್ಲ. ಕಲಿಯಬಹುದಿತ್ತು. ಓಣಿಯಲ್ಲಿ ಯಾರನ್ನು ಕೇಳಿದರೂ ಹೇಳಿಕೊಡುತ್ತಿದ್ದರು.

ಖಾನಾಪುರದ ಮನೆಯ ಬಾಗಿಲಲ್ಲಿ ಅತ್ತೆ ಕುಂದಾ ಮಗಳ ಕಾಲಿಗೆ ನೀರು ಹಾಕಿ, ಕೆನ್ನೆ ಸವರಿ, ಎಳೆದುಕೊಂಡು ಒಳಗೆ ಹೋದರು. "ಬರ್ರಿ ಜಾವಯಬಾಪು, ಕುಂದರ್ರಿ" ಎಂದು ಅಳಿಯನನ್ನು ಮಾವ ಕೃಷ್ಣಾಜಿಯ ಎದುರಿನ ಕುರ್ಚಿಗೆ ಒಪ್ಪಿಸಿದರು. ಕೃಷ್ಣಾಜಿ ನಿವೃತ್ತ ಪೋಸ್ಟ್ ಮಾಸ್ತರರು, ಅಳಿಯನೊಡನೆ ತೂಕದ ಕನ್ನಡ ಆಡುವವರು. ರಸ್ತೆ ಹೇಗಿದೆ, ಬಸ್ಸಿನಲ್ಲಿ ಜಾಗ ಸಿಕ್ಕಿತೇ, ಮಲಪ್ರಭೆಯ ನೀರು ಇಳಿದಿದೆ. ಒಳಗಿನಿಂದ ಪೂರ್ವಾಳ ಧ್ವನಿ ಬರುತ್ತಿತ್ತು. ಅವನು ಮಾವನಿಗೆ ಹೌದ್ರಿ ಹೌದ್ರಿ ಅನ್ನುತ್ತ ಅದನ್ನೇ ಕೇಳುತ್ತಿದ್ದ. ಅಲ್ಲೂ ಅವಳು ತಡವರಿಸುತ್ತಿದ್ದಳು. ಆದರೆ ಅವಳು ನಿಂತಲ್ಲಿ ಕುಂದಾ ಒಂದು ಶಬ್ದ ಇಡುತ್ತಿದ್ದರು, ಅವಳು ಅದರ ಮೇಲೆ ಕಾಲಿಟ್ಟು ಮುಂದಿನದಕ್ಕೆ ದಾಟುತ್ತಿದ್ದಳು. ಏನೋ ಹೇಳಿದಳು, ತಾಯಿ ಮಗಳು ಇಬ್ಬರೂ ನಕ್ಕರು. ಸರಿಯಾದ ಹೊತ್ತಿಗೆ ನಕ್ಕಳು ಪೂರ್ವಾ, ಬೇಕಾದಷ್ಟೇ ನಕ್ಕಳು. ತಾನಿಲ್ಲದ ಕಡೆ ಅವಳು ಹೀಗಿರಬಲ್ಲಳು ಎಂದು ಅವನಿಗೆ ಸಮಾಧಾನವಾಗಬೇಕಿತ್ತು. ನೋಡಿ, ಇಲ್ಲೇ ಇವಳಿಗೆ ಒಳ್ಳೆಯದು ಎನ್ನಲು ಇದಕ್ಕಿಂತ ಸಾಕ್ಷಿ ಬೇಕೇ. ಸಮಾಧಾನದ ಬದಲು, ಅವಳು ಪರಪುರುಷನೊಡನೆ ನಕ್ಕದ್ದನ್ನು ಕೇಳಿದ ಹಾಗಾಯಿತು.

ಊಟಕ್ಕೆ ಕೂತಾಗ ಅಭಿಜಿತ ಅಂಗಡಿಯಿಂದ ಬಂದ. ಅಕ್ಕನ ತಲೆ ಸವರಿ ಭಾವನ ಪಕ್ಕ ಕೂತು ಸಾರಿನಲ್ಲಿ ಭಾಕ್ರಿ ಮುರಿಯುತ್ತ, "ದಾಜಿ, ನಮ್ಮ ಅಂಗಡ್ಯಾಗ ಮಿಕ್ಸರ್ ರಿಪೇರಿಗಿ ಇಟ್ಟು ಹೋಗ್ತಾರ ನೋಡ್ರಿ, ಆರು ತಿಂಗಳಾದ್ರೂ ಬರೂದಿಲ್ಲ ಕೆಲವು ಮಂದಿ. ಫೋನ್ ಹಚ್ಚಿದ್ರ, ಹೊಸಾದು ತಗೊಂಡ್ವಿ ಅಂತಾರ" ಎಂದ.

"ಏ, ಊಟಾ ಮಾಡು" ಎಂದರು ಕೃಷ್ಣಾಜಿ.

"ಅಂಗಡಿ ಮಾತು ಆಡಿದ್ನಿ ಬಾಬಾ, ಮತ್ತೇನಿಲ್ಲ."

ಮೈಲಾರಲಿಂಗ ತಾಟಿನತ್ತ ಬಗ್ಗಿ ಸಾರು ಕಲಸಿದ. ಕುಂದಾ ಅವನ ತಾಟಿಗೆ ಅನ್ನ ಬಡಿಸುತ್ತ, ತಗ್ಗಿದ ಧ್ವನಿಯಲ್ಲಿ ಕೇಳಿದರು. "ಆಕಿ ಇರಲಿ ಬಿಡ್ರಿ, ಆಕೀದ ಮನಿ ಇದು. ಮಗೂನ ಬಿಟ್ಟು ಇರತಾಳೇನು ಅಂತ ನನಗ ಕಾಳಜಿ. ಆಕಿಗೆ ಸಗಳ ಹೇಳೀರಲ್ಲ?"

"ಎಲ್ಲಾ ಹೇಳೀನ್ರಿ. ಹೂಂ ಅಂದಾಳ."

ಎಷ್ಟು ಸಲೀಸಾಗಿ ಬಂತು ಮಾತು. ಕುಂದಾ ನಿಟ್ಟುಸಿರು ಬಿಟ್ಟು ತಲೆ ಅಲ್ಲಾಡಿಸಿದರು. ಅಳಿಯ ಹೇಳಿದ ಮೇಲೆ ಮತ್ತೆ ಮಗಳನ್ನು ಕೇಳುವುದು ಅವನ ಮಾತಿನ ಮೇಲೆ ಸಂಶಯ ಪಟ್ಟಂತೆ, ಆ ಮನೆಯವರು ಅಂಥದ್ದು ಮಾಡುವವರಲ್ಲ. ಪೂರ್ವಾ ಬಾಗಿಲಲ್ಲಿ ನೀರಿನ ತಂಬಿಗೆ ಹಿಡಿದು ನಿಂತಿದ್ದಳು. ಅವಳ ಕಣ್ಣು ತಾಯಿಯ ಮುಖದಿಂದ ಇವನ ಮುಖಕ್ಕೆ, ಇವನ ಮುಖದಿಂದ ಬಟ್ಟೆ ತುಂಬಿ ಉಬ್ಬಿದ್ದ ಮೂಲೆಯ ಚೀಲಕ್ಕೆ ಹೋಯಿತು. ಒಂದೆರಡು ದಿನಕ್ಕೆ ಬಂದವರ ಚೀಲ ಅಲ್ಲ ಅದು. ಬಂದು ಲೋಟಕ್ಕೆ ನೀರು ಹಾಕಿದಳು. ಲೋಟ ತುಂಬಿತು. ನಿಲ್ಲಿಸಲಿಲ್ಲ. ನೀರು ತಾಟಿನ ಸುತ್ತ ಹರಿದು ಅವನ ಪ್ಯಾಂಟು ತೊಯ್ಯಿಸಿತು. "ಅಗ ಪೋರಿ" ಎಂದು ಕುಂದಾ ಅವಳ ಕೈ ಹಿಡಿದರು. ಪಾಪ, ಕೈ ಹೇಳಿದ ಮಾತು ಕೇಳುವುದಿಲ್ಲ ಎಂದು ಎಲ್ಲರೂ ಅಂದುಕೊಂಡರು. ಅವನೂ ಹಾಗೇ ಅಂದುಕೊಳ್ಳಲು ನೋಡಿದ.

ಬಿಸಿಲು ಇಳಿಯುವ ಮೊದಲೇ ಅವನು ಎದ್ದ. ಬಸ್ ಸ್ಟ್ಯಾಂಡಿನ ತನಕ ಕಳಿಸಿ ಬರುವುದು ಆ ಮನೆಯ ಪದ್ಧತಿ. ಪೂರ್ವಾ ಚಪ್ಪಲಿ ಮೆಟ್ಟಿ, ಸಣ್ಣ ಪರ್ಸು ಬಗಲಿಗೆ ಸಿಕ್ಕಿಸಿ ಹೊರಟೇಬಿಟ್ಟಳು. ಅಭಿಜಿತ ಬೈಕು ತಳ್ಳುತ್ತ ಜೊತೆಗೆ ಬಂದವನು ದಾರಿಯ ಪೆಟ್ರೋಲ್ ಪಂಪಿನಲ್ಲಿ ನಿಂತ. "ನೀವು ಮುಂದ ನಡೀರಿ ದಾಜಿ, ಎಣ್ಣಿ ಹಾಕ್ಸಿ ಬಂದು ಅಕ್ಕನ್ನ ಕರಕೊಂಡು ಹೋಗ್ತೀನಿ." ಆಮೇಲೆ ಅವರಿಬ್ಬರೇ. ಅವಳು ಅವನಿಗಿಂತ ಒಂದು ಹೆಜ್ಜೆ ಮುಂದೆ ನಡೆಯುತ್ತಿದ್ದಳು, ಹುಟ್ಟಿದ ಊರಿನ ಬೀದಿಯಲ್ಲಿ ದಾರಿ ಹುಡುಕಬೇಕಾಗಿರಲಿಲ್ಲ. ಯಾರೋ ಹೆಂಗಸು ಮಾತಾಡಿಸಿದರೆ ನಿಂತು ಉತ್ತರ ಕೊಟ್ಟಳು. ಹಿಂದೆ ನಿಂತ ಅವನ ಕಡೆ ಆ ಹೆಂಗಸು ನೋಡಿದಾಗ ಕೈ ತೋರಿಸಿ ಏನೋ ಅಂದಳು. ಗಂಡ ಅಂದಿರಬೇಕು. ಅವನಿಗೆ ಕೇಳಿಸಲಿಲ್ಲ.

ಬೆಳಗಾವಿ ಬಸ್ಸು ನಿಂತಿತ್ತು, ತುಂಬುತ್ತಿತ್ತು. ಸ್ಟ್ಯಾಂಡಿನ ಕಲ್ಲುಬೆಂಚು ತೋರಿಸಿ, "ಅಭಿಜಿತ ಬರೂತನಾ ಇಲ್ಲೇ ಕುಂದರು. ನಾ ಬರ್ತೀನಿ" ಎಂದ. ಹೂಂ ಅಂದಳು. ಇನ್ನೇನಾದರೂ ಹೇಳಬೇಕಿತ್ತು. ಎಲ್ಲೋ ಮುಟ್ಟಬೇಕಿತ್ತು. ಡ್ರೈವರು ಏರುವುದು ಕಾಣಿಸಿತು, ಅದೇ ನೆಪವಾಗಿ ಹಿಂದಿರುಗಿ ನೋಡದೆ ನೂಕಾಡಿ ಹತ್ತಿ ಹಿಂದಿನ ಸೀಟುಗಳ ತನಕ ಹೋದ. ಎದೆ ಹಗುರಾದ ಹಾಗಿತ್ತು, ಆ ಹಗುರಿಗೆ ಅಂಜಿಕೆಯಾಗುವಷ್ಟು ಹಗುರ. ಮುಗಿಯಿತು. ಕಿಟಕಿಯಿಂದ ಬಗ್ಗಿ ಕೈ ಮಾಡಬೇಕೆಂದು ನೋಡಿದರೆ ಕಲ್ಲುಬೆಂಚಿನ ಮೇಲೆ ಯಾರದೋ ಬುಟ್ಟಿ ಇತ್ತು. ಅವಳು ಇರಲಿಲ್ಲ. ಸ್ಟ್ಯಾಂಡು ಪೂರ್ತಿ ಕಣ್ಣಾಡಿಸಿದ. ಮೂರ್ಛೆ ಬಂದು ಎಲ್ಲಿ ಬಿದ್ದಳೋ ಎಂದು ಜನರನ್ನು ತಳ್ಳಿಕೊಂಡು ಬಾಗಿಲ ಕಡೆ ಬಂದಾಗ, ಮುಂದಿನ ಹೆಂಗಸರ ಸೀಟಿನಲ್ಲಿ, ಕಿಟಕಿಯ ಪಕ್ಕ, ಪರ್ಸು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು.

"ಪೂರ್ವಾ. ಇಳಿ. ಇದು ಬೆಳಗಾವಿ ಬಸ್."

"ಹೂಂ."

"ನೀ ಇಲ್ಲೇ ಇರಬೇಕು. ಮುಂಜಾನಿ ಹೇಳಿದ್ನಿಲ್ಲೋ ನಿನಗ?"

"ಹೂಂ" ಎಂದಳು, ಹೊರಗೆ ನೋಡುತ್ತ.

"ಅಭಿಜಿತ ಹುಡುಕ್ತಾನ. ಏಳು, ಇಳಿ."

"ಹೂಂ."

ಪಕ್ಕದಲ್ಲಿ ಕೂಸನ್ನು ಮಲಗಿಸಿಕೊಂಡು ಕೂತಿದ್ದ ಹೆಂಗಸು ತಲೆ ಎತ್ತಿದಳು. "ಯಾಕ್ರೀ ಅಣ್ಣಾರ, ಪಾಪ, ಕುಂತಾಕೀನ ಯಾಕ ಎಬ್ಬಸಾಕ ಹತ್ತೀರಿ? ನಿಮ್ಮ ಮನಿಯವ್ರಲ್ಲೇನು?"

"ಹೌದ್ರಿ. ಆಕಿಗಿ ಕನ್ನಡ ತಿಳಿಯೂದಿಲ್ಲ."

"ಹಂಗಾದ್ರ ಮರಾಠ್ಯಾಗ ಹೇಳ್ರಲ್ಲ" ಎಂದಳು ಆಕೆ, ಇದರಲ್ಲೇನಿದೆ ಎನ್ನುವಂತೆ.

ಹೇಳಬಹುದಿತ್ತು. ಅಷ್ಟು ಮರಾಠಿ ಅವನಿಗೆ ಗೊತ್ತಿತ್ತು. ನೀನು ಇಲ್ಲಿ ಇರು, ನಾನು ಹೋಗುತ್ತೇನೆ. ಸಂತೆಯಲ್ಲಿ ಗೂಟಕ್ಕೆ ಕಟ್ಟಿದ ಟಗರಿಗೂ ಹೇಳುವಷ್ಟು ಸುಲಭದ ಮಾತು. ಬಸ್ಸಿನಲ್ಲಿದ್ದವರಿಗೆಲ್ಲ ಎರಡೂ ಭಾಷೆ ಬರುತ್ತಿತ್ತು, ಎಲ್ಲರೂ ಕೇಳುತ್ತಿದ್ದರು. "ತೂ..." ಎಂದ. ಆಗ ಅವಳು ಕಿಟಕಿಯಿಂದ ಮುಖ ತಿರುಗಿಸಿದಳು. ಆ ದಿನ ಅವಳು ಅವನನ್ನು ನೆಟ್ಟಗೆ ನೋಡಿದ್ದು ಅದೇ ಮೊದಲು. "ತೂ ಇಥೇ..." ಎಂದು ನಿಂತ. ಮುಂದಿನ ಶಬ್ದ ನಾಲಿಗೆಯ ಮೇಲೇ ಇತ್ತು. ಅವಳು ಕಾಯುತ್ತಿದ್ದಳು. ಅವನು ಹುಡುಕುತ್ತಿರುವ ಶಬ್ದ ಯಾವುದೆಂದು ಅವಳಿಗೆ ಗೊತ್ತಿತ್ತು, ಅವಳ ತಾಯಿಯಂತೆ ಅದನ್ನು ಎತ್ತಿ ಅವನ ಬಾಯಿಯ ಮುಂದೆ ಇಡಬಹುದಿತ್ತು. ಇಡಲಿಲ್ಲ. ಸಿಟ್ಟಿಲ್ಲದೆ, ಕರುಣೆಯೂ ಇಲ್ಲದೆ, ಅವನ ತುಟಿಗಳನ್ನೇ ನೋಡುತ್ತ ಕಾದಳು.

ಕಂಡಕ್ಟರು ಜನರ ನಡುವೆ ನುಸುಳಿ ಬಂದ. "ಅಕ್ಕಾರ, ಎಲ್ಲಿಗಿ?"

ಪೂರ್ವಾ ಪರ್ಸಿನ ಜಿಪ್ಪು ಎಳೆದು ಆಧಾರ್ ಕಾರ್ಡು ತೆಗೆದು ಅವನ ಮುಂದೆ ಹಿಡಿದಳು. ಬಾಯಿ ತೆರೆದಳು. ಶಬ್ದ ಬರಲಿಲ್ಲ, ಕಣ್ಣು ಮುಚ್ಚಿದಳು, ಗಂಟಲ ನರ ಉಬ್ಬಿತು. ಮೈಲಾರಲಿಂಗ ಹೇಳಲು ಹೋದದ್ದನ್ನು ನೋಡಿ ಕೈ ಅಡ್ಡ ಹಿಡಿದಳು. "ಮನಿ" ಎಂದಳು. ಮತ್ತೆ ತಲೆ ಅಲ್ಲಾಡಿಸಿ, ಅದನ್ನು ಸರಿಸಿ, "ಬೆಳಗಾವಿ."

"ಬೆಳಗಾವಿ ಒಂದು ಹೆಂಗಸರದು" ಎಂದು ಕಂಡಕ್ಟರು ಮಶೀನು ಒತ್ತಿ ಹೆಂಗಸರ ಪುಕ್ಕಟೆ ಚೀಟಿ ಹರಿದು ಕೊಟ್ಟ. ಮೈಲಾರಲಿಂಗನ ಕಡೆ ತಿರುಗಿದ. "ನಿಮ್ದೆಲ್ಲಿಗ್ರಿ?"

ಬಸ್ಸು ಹಿಂದಕ್ಕೆ ಸರಿಯತೊಡಗಿತ್ತು. ಗೇಟಿನಲ್ಲಿ ಅಭಿಜಿತನ ಬೈಕು ಒಳಗೆ ಬರುತ್ತಿತ್ತು.

"ಬೆಳಗಾವಿ" ಎಂದ.

ಅವಳು ಸರಿದು ಜಾಗ ಮಾಡಿಕೊಡಲಿಲ್ಲ. ಹೆಂಗಸರ ಸೀಟು ಅದು. ಅವನು ಮೇಲಿನ ಸರಳು ಹಿಡಿದು ಅವಳ ಪಕ್ಕದಲ್ಲಿ ನಿಂತುಕೊಂಡ.